ಪುಸ್ತಕವು ಚಿತ್ರವಾದಾಗ: ಬೇನೆಗೆ ಮನಸ್ಸೇ ಮೂಲವೆ?

ಕಷ್ಟಕಾಲದಲ್ಲಿ ಮನುಷ್ಯನು ಉಪದೇಶವನ್ನು ಅರಸುವುದು ಹೊಸತಲ್ಲ. ಹಿಂದೆ ಅದು ಪುರಾಣಶ್ರವಣದಿಂದಲೂ ಮನೆಯ ಹಿರಿಯರ ಬಾಯಿಂದಲೂ ದೊರೆಯುತ್ತಿತ್ತು. ಅನಂತರ ಅಚ್ಚಿನ ಪುಸ್ತಕದಿಂದ ದೊರೆಯಿತು. ಈಗ ಗೋಡೆಗೆ ತೂಗುಹಾಕಿದ ಟೆಲಿವಿಷನ್ನಿನ ತೆರೆಯಿಂದ ದೊರೆಯುತ್ತಿದೆ. ಬಾಳನ್ನು ತಿದ್ದಿಕೊಳ್ಳುವ ಬಗೆಯನ್ನು ಬೋಧಿಸುವ ಪುಸ್ತಕಗಳು ಇಂದು ಚಲಚ್ಚಿತ್ರಗಳಾಗಿ ಮಾರ್ಪಟ್ಟು, ದೇಶಭಾಷೆಗಳ ಎಲ್ಲೆಯನ್ನು ದಾಟಿ ನಮ್ಮ ಮಲೆನಾಡಿನ ತೋಟದ ಮನೆಗಳಿಗೂ ಬಂದಿವೆ. ಇವುಗಳಿಂದ ಒಳಿತೂ ಉಂಟು, ಕೆಡುಕೂ ಉಂಟು. ಎರಡನ್ನೂ ಬೇರೆಬೇರೆಯಾಗಿ ತೂಗಿನೋಡಬೇಕೆಂಬ ಆಲೋಚನೆ ನಮಗೆ ಹುಟ್ಟಿದ್ದು ಆಲ್ದೂರಿನ ಒಂದು ಮಳೆಯ ರಾತ್ರಿಯಲ್ಲಿ.

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಹೋಗುವ ದಾರಿಯಲ್ಲಿ ಆಲ್ದೂರು ಸಿಗುತ್ತದೆ. ಸುತ್ತಲೂ ಕಾಫಿ, ಮೆಣಸು, ನೆರಳಿನ ಮರಗಳು. ಅಲ್ಲಿಗೆ ಸಮೀಪದಲ್ಲಿರುವ ನಮ್ಮ ಬಂಧುಗಳ ತೋಟದ ಮನೆಯಲ್ಲಿ ನಾವು ಆಷಾಢದ ಕೆಲವು ದಿನ ಇದ್ದೆವು. ಆ ಕಾಲದಲ್ಲಿ ಅಲ್ಲಿ ಸಂಜೆ ಆರು ಗಂಟೆಗೇ ಕತ್ತಲೆ, ಹೊರಗೆ ಕಾಲಿಡುವಂತಿಲ್ಲ. ಮನೆಯ ಸೊಸೆ ಓದಿದವಳು. ಊಟದ ಬಳಿಕ ಅವಳು ಲೂಯಿಸ್ ಹೇ ಎಂಬ ಅಮೆರಿಕದ ಮಹಿಳೆಯ ‘ಯೂ ಕ್ಯಾನ್ ಹೀಲ್ ಯುವರ್ ಲೈಫ್’ ಎಂಬ ಪುಸ್ತಕವನ್ನು ಆಧರಿಸಿದ ಸಾಕ್ಷ್ಯಚಿತ್ರವನ್ನು ಹಾಕಿ, ಅದರಲ್ಲಿನ ಇಂಗ್ಲಿಷ್ ಮಾತನ್ನು ಅತ್ತೆಗೂ ಅಜ್ಜಿಗೂ ಕನ್ನಡದಲ್ಲಿ ಹೇಳುತ್ತ ಕುಳಿತಳು. ಪಕ್ಕದ ತೋಟದ ಮನೆಯ ಗೃಹಿಣಿಯೊಬ್ಬರೂ ಬಂದಿದ್ದರು. ಅವರಿಗೆ ಸ್ತನದ ಕ್ಯಾನ್ಸರ್. ಚಿಕಿತ್ಸೆ ನಡೆಯುತ್ತಿತ್ತು, ಎರಡು ಬಾರಿ ಔಷಧವನ್ನು ರಕ್ತನಾಳಕ್ಕೆ ಏರಿಸಿಕೊಂಡು ಬಂದಿದ್ದರು. ತಲೆಯ ಕೂದಲು ಉದುರಿದ್ದರಿಂದ ಸೆರಗನ್ನು ಹಣೆಯವರೆಗೂ ಹೊದ್ದು ಕುಳಿತಿದ್ದರು. ಅವರ ಮನಸ್ಸಿಗೆ ಸ್ವಲ್ಪ ಗೆಲುವಾಗಲೆಂದೇ ಸೊಸೆಯು ಈ ಚಿತ್ರವನ್ನು ಆರಿಸಿದ್ದು.

ಚಿತ್ರ ಮುಗಿಯಿತು. ಸೊಸೆಯು ಮೂಲ ಪುಸ್ತಕವನ್ನೂ ತಂದು ತೋರಿಸಿದಳು. ಅದರ ಕೊನೆಯ ಭಾಗದಲ್ಲಿ ಒಂದು ಪಟ್ಟಿಯಿದೆ: ಒಂದು ಕಡೆ ರೋಗದ ಹೆಸರು, ಅದರ ಎದುರಿಗೆ ಆ ರೋಗಕ್ಕೆ ಕಾರಣವಾಗಿರಬಹುದಾದ ಮನಸ್ಸಿನ ದೋಷ, ಮತ್ತೊಂದು ಕಡೆ ಅದನ್ನು ಕಳೆಯಲು ಹೇಳಿಕೊಳ್ಳಬೇಕಾದ ಒಳ್ಳೆಯ ಮಾತು. ಅಜ್ಜಿಗೆ ಮೊಣಕಾಲು ನೋವು. ಪಟ್ಟಿಯನ್ನು ನೋಡಿದರೆ, ಮೊಣಕಾಲಿನ ತೊಂದರೆಗೆ ಬಗ್ಗದ ಅಹಂಕಾರವೇ ಕಾರಣ. ಅಜ್ಜಿ ನಕ್ಕುಬಿಟ್ಟರು. “ನಲವತ್ತು ವರ್ಷ ಈ ಗುಡ್ಡ ಹತ್ತಿ ಇಳಿದದ್ದು ಯಾವ ಲೆಕ್ಕಕ್ಕೆ ಹೋಯ್ತೇ? ಅಹಂಕಾರಕ್ಕೆ ಬರೋ ನೋವಾಗಿದ್ರೆ ಮೊಣಕಾಲಿಗೆ ಯಾಕೆ, ನಾಲಿಗೆಗೆ ಬರಬೇಕಿತ್ತು!” ಎಂದರು. ಎಲ್ಲರೂ ನಕ್ಕೆವು. ಆದರೆ ಪಕ್ಕದ ಮನೆಯವರು ನಗಲಿಲ್ಲ. ಕ್ಯಾನ್ಸರಿನ ಎದುರಿಗೆ ಏನು ಬರೆದಿದೆಯೆಂದು ಕೇಳಿದರು. ಸೊಸೆ ತಡವರಿಸಿದಳು, ಬಹುಕಾಲ ಒಳಗೇ ಇಟ್ಟುಕೊಂಡ ಸಿಟ್ಟು ಮತ್ತು ನೋವು ಎಂಬುದು ಅಲ್ಲಿನ ತಾತ್ಪರ್ಯ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಮೆಲ್ಲನೆ ಕೇಳಿದರು: “ಹಂಗಾದ್ರೆ ಇದು ನಾನೇ ಮಾಡ್ಕೊಂಡಿದ್ದಾ, ತಂಗಿ? ಪಾಲಿನ ವಿಷಯದಲ್ಲಿ ಅಣ್ಣನ ಮೇಲೆ ನಂಗೆ ಹತ್ತು ವರ್ಷದಿಂದ ಸಿಟ್ಟಿತ್ತು. ಅದನ್ನ ಬಿಟ್ಟುಬಿಟ್ರೆ ಮುಂದಿನ ಸಲ ಆಸ್ಪತ್ರೆಗೆ ಹೋಗೋದು ಬೇಡ್ವಾ?”

ಆ ಪ್ರಶ್ನೆಗೆ ಆ ರಾತ್ರಿ ಅಲ್ಲಿದ್ದ ನಮ್ಮಲ್ಲಿ ಯಾರಿಗೂ ತಕ್ಕ ಉತ್ತರವನ್ನು ಕೊಡಲಾಗಲಿಲ್ಲ. ಈ ಲೇಖನವು ಆ ಉತ್ತರವನ್ನು ಕೊಡುವ ಪ್ರಯತ್ನ. ಇಂತಹ ಚಿತ್ರಗಳನ್ನು ನೋಡುವ, ಇಂತಹ ಪುಸ್ತಕಗಳನ್ನು ಓದುವ ಕುಟುಂಬಗಳು ನಮ್ಮ ನಾಡಿನಲ್ಲಿ ಈಗ ಸಾವಿರಾರು ಇರುವುದರಿಂದ, ಆ ಸೋದರಿಯ ಪ್ರಶ್ನೆ ಒಬ್ಬರದಲ್ಲ.

ಮೊದಲು ಲೂಯಿಸ್ ಹೇ ಅವರ ವಿಷಯವನ್ನು ತಿಳಿಯುವುದು ನ್ಯಾಯ. ಅವರು ಹುಟ್ಟಿದ್ದು 1926ರಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ. ಬಾಲ್ಯದಲ್ಲಿ ಬಡತನ, ಮಲತಂದೆಯ ಕ್ರೌರ್ಯ, ಮತ್ತು ಮಗುವೊಂದು ಎಂದಿಗೂ ಅನುಭವಿಸಬಾರದ ಅತ್ಯಾಚಾರ, ಇವೆಲ್ಲವನ್ನೂ ಅವರು ಕಂಡರು. ಶಾಲೆಯನ್ನು ನಡುವೆಯೇ ಬಿಟ್ಟರು. ನ್ಯೂಯಾರ್ಕಿನಲ್ಲಿ ವಸ್ತ್ರಪ್ರದರ್ಶನದ ರೂಪದರ್ಶಿಯಾಗಿ ದುಡಿದರು. ಆಂಗ್ಲ ವ್ಯಾಪಾರಿಯೊಬ್ಬರನ್ನು ಮದುವೆಯಾಗಿ, ಹದಿನಾಲ್ಕು ವರ್ಷಗಳ ಬಳಿಕ ಪರಿತ್ಯಕ್ತೆಯಾದರು. ಆ ದುಃಖದಲ್ಲಿ, ಆಲೋಚನೆಯೇ ಬಾಳನ್ನು ರೂಪಿಸುತ್ತದೆಂದು ಬೋಧಿಸುವ ಒಂದು ಚರ್ಚಿನ ಪರಿಚಯವಾಯಿತು. 1976ರಲ್ಲಿ ರೋಗಗಳ ಪಟ್ಟಿಯುಳ್ಳ ಒಂದು ಕಿರುಹೊತ್ತಗೆಯನ್ನು ಅಚ್ಚುಮಾಡಿಸಿದರು. ಅದೇ ಬೆಳೆದು 1984ರಲ್ಲಿ ಈಗ ನಾವು ಹೇಳುತ್ತಿರುವ ಪುಸ್ತಕವಾಯಿತು. ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದವು. ತಾವೇ ‘ಹೇ ಹೌಸ್’ ಎಂಬ ಪ್ರಕಾಶನ ಸಂಸ್ಥೆಯನ್ನು ಕಟ್ಟಿದರು. ಪುಸ್ತಕದ ಹೆಸರಿನಲ್ಲಿಯೇ ಸಾಕ್ಷ್ಯಚಿತ್ರವು 2007ರಲ್ಲಿ ಹೊರಬಂದಿತು. ಅದರ ನಿರ್ದೇಶಕರು ಮೈಕೆಲ್ ಗೂರ್ಜಿಯನ್. ಆಗ ಲೂಯಿಸರಿಗೆ ಎಂಬತ್ತು ದಾಟಿತ್ತು. 2017ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇಂತಹ ನೋವುಂಡ ಹೆಂಗಸು ತನ್ನಂತಹ ಇತರರಿಗೆ, ನೀನು ಕೆಟ್ಟವಳಲ್ಲ, ನಿನ್ನನ್ನು ನೀನು ಪ್ರೀತಿಸು ಎಂದು ಹೇಳಿದುದರಲ್ಲಿ ದೋಷವೇನೂ ಇಲ್ಲ. ಪ್ರತಿದಿನ ಕನ್ನಡಿಯ ಮುಂದೆ ನಿಂತು ತನ್ನ ಮುಖವನ್ನು ತಾನೇ ಅಕ್ಕರೆಯಿಂದ ನೋಡಬೇಕೆಂಬುದು ಅವರ ಮುಖ್ಯ ಪಾಠಗಳಲ್ಲಿ ಒಂದು. ಮೇಲಾಗಿ ಅವರ ಜೀವನದಲ್ಲಿ ನಾವು ತಲೆಬಾಗಬೇಕಾದ ಒಂದು ಅಧ್ಯಾಯವಿದೆ. 1981ರಲ್ಲಿ ಅಮೆರಿಕದಲ್ಲಿ ಏಡ್ಸ್ ರೋಗವು ಗುರುತಿಗೆ ಬಂದಾಗ, ಅದಕ್ಕೆ ತುತ್ತಾದ ತರುಣರನ್ನು ಹೆತ್ತವರೇ ಮನೆಗೆ ಸೇರಿಸದೆ ಹೋದರು. ಮುಟ್ಟಲು ಜನ ಹೆದರಿದರು. ಅಂತಹ ಕಾಲದಲ್ಲಿ, 1985ರಲ್ಲಿ, ಲೂಯಿಸರು ಆರು ಮಂದಿ ರೋಗಿಗಳನ್ನು ತಮ್ಮ ಮನೆಯ ಹಜಾರದಲ್ಲಿಯೇ ಕೂಡಿಸಿಕೊಂಡು ಮಾತನಾಡಿಸಿದರು, ಅಪ್ಪಿಕೊಂಡರು. ವಾರವಾರವೂ ನಡೆದ ಆ ಕೂಟವು ಕೆಲವೇ ವರ್ಷಗಳಲ್ಲಿ ನೂರಾರು ಮಂದಿ ಸೇರುವ ಸಭೆಯಾಯಿತು. ಸಾಯುತ್ತಿದ್ದವರ ಕೈಯನ್ನು ಹಿಡಿದುದು ಸಣ್ಣ ಪುಣ್ಯವಲ್ಲ.

ಆದರೆ ಇದೇ ಅಧ್ಯಾಯದಲ್ಲಿ ಮತ್ತೊಂದು ಪಾಠವೂ ಅಡಗಿದೆ. ಆ ಕೂಟಗಳಿಗೆ ಬಂದ ಎಷ್ಟೋ ಮಂದಿ ಮನಸ್ಸನ್ನು ಹಗುರ ಮಾಡಿಕೊಂಡರು, ಆದರೂ ಬದುಕಲಿಲ್ಲ. ಏಡ್ಸಿಗೆ ಕಾರಣವಾದ ವೈರಾಣು 1983ರಲ್ಲಿ ಪತ್ತೆಯಾಗಿತ್ತು. ಮೊದಲ ಔಷಧಕ್ಕೆ 1987ರಲ್ಲಿ ಅನುಮತಿ ದೊರೆಯಿತು. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ 1996ರ ಸುಮಾರಿಗೆ ಬಂದ ಮೇಲೆಯೇ ಸಾವು ಹಿಮ್ಮೆಟ್ಟಿದ್ದು. ಕೂಟವು ಸಾಂತ್ವನವನ್ನು ಕೊಟ್ಟಿತು. ಪ್ರಾಣವನ್ನು ಉಳಿಸಿದ್ದು ಔಷಧ. ಎರಡೂ ಬೇಕು, ಒಂದು ಮತ್ತೊಂದರ ಕೆಲಸವನ್ನು ಮಾಡಲಾರದು.

ಇನ್ನು ಪುಸ್ತಕವು ಚಿತ್ರವಾದಾಗ ಏನಾಗುತ್ತದೆಂಬುದನ್ನು ನೋಡೋಣ. ಪುಸ್ತಕವನ್ನು ಓದುವವರು ತಮ್ಮ ನಡಿಗೆಯಲ್ಲಿ ನಡೆಯುತ್ತಾರೆ. ಒಪ್ಪಿಗೆಯಾಗದ ಸಾಲಿನಲ್ಲಿ ನಿಲ್ಲಬಹುದು. ಅಂಚಿನಲ್ಲಿ ಗೀಟು ಹಾಕಬಹುದು. ಅಜ್ಜಿಯಂತೆ ನಕ್ಕು ಪುಟ ಮಗುಚಬಹುದು. ಚಿತ್ರವು ಹಾಗಲ್ಲ. ಅಲ್ಲಿ ಸಂಗೀತವಿದೆ, ಮೃದುವಾದ ಬೆಳಕಿದೆ, ವೃದ್ಧೆಯ ಪ್ರಸನ್ನ ಮುಖವಿದೆ. ಒಬ್ಬರ ಬಳಿಕ ಒಬ್ಬರು ಬಂದು ನಂಬಿಕೆಯಿಂದ ಮಾತನಾಡುತ್ತಾರೆ. ಸಂಶಯಪಡುವುದಕ್ಕೆ ನಮಗೆ ಬಿಡುವೇ ದೊರೆಯುವುದಿಲ್ಲ. ಪಟ್ಟಿಯಲ್ಲಿ ‘ಆಗಿರಬಹುದು’ ಎಂಬ ಒಂದು ಮಾತಾದರೂ ಇದೆ. ಚಿತ್ರ ಮುಗಿದಾಗ ನೋಡಿದವರ ಮನಸ್ಸಿನಲ್ಲಿ ಆ ‘ಬಹುದು’ ಅಳಿಸಿಹೋಗಿ ‘ಆಗಿದೆ’ ಎಂಬುದೇ ಉಳಿಯುತ್ತದೆ. ಆ ರಾತ್ರಿ ಪಕ್ಕದ ಮನೆಯ ಸೋದರಿಗೆ ಆದದ್ದು ಇದೇ.

ಇಂತಹ ಚಿತ್ರವನ್ನು ನಮ್ಮ ಭಾಷೆಯಲ್ಲಿ ಸಾಕ್ಷ್ಯಚಿತ್ರವೆಂದು ಕರೆಯುತ್ತೇವೆ. ಸಾಕ್ಷ್ಯವೆಂದರೆ ಏನು? ನ್ಯಾಯಸ್ಥಾನದಲ್ಲಿ ವಾದಿಯ ಸಾಕ್ಷಿಗಳನ್ನು ವಿಚಾರಿಸಿದಂತೆಯೇ ಪ್ರತಿವಾದಿಯ ಸಾಕ್ಷಿಗಳನ್ನೂ ವಿಚಾರಿಸಬೇಕು, ಪಾಟೀಸವಾಲು ನಡೆಯಬೇಕು. ಈ ಚಿತ್ರದಲ್ಲಿ ವೇಯ್ನ್ ಡೈಯರ್, ಗ್ರೆಗ್ ಬ್ರೇಡನ್ ಮೊದಲಾದ ಅನೇಕರು ಮಾತನಾಡುತ್ತಾರೆ. ಎಲ್ಲರೂ ಒಂದೇ ಪಕ್ಷದವರು. ಅನೇಕರ ಗ್ರಂಥಗಳನ್ನು ಪ್ರಕಟಿಸಿದ್ದು ಲೂಯಿಸರ ಸಂಸ್ಥೆಯೇ. ತಮಗೆ ಬಂದಿದ್ದ ಗರ್ಭಕೊರಳಿನ ಕ್ಯಾನ್ಸರನ್ನು ಕ್ಷಮೆ, ಪಥ್ಯ, ಆಲೋಚನೆಯ ಶುದ್ಧಿ ಇವುಗಳಿಂದ ಆರು ತಿಂಗಳಲ್ಲಿ ಗುಣಪಡಿಸಿಕೊಂಡೆನೆಂದು ಲೂಯಿಸರು ಹೇಳಿಕೊಂಡಿದ್ದಾರೆ. ಅದಕ್ಕೆ ಅವರ ಮಾತೊಂದೇ ಆಧಾರ. ಅವರು ಸುಳ್ಳಾಡಿದರೆಂದು ನಾವು ಹೇಳುವುದಿಲ್ಲ. ಒಬ್ಬರ ಮಾತನ್ನು ನಂಬಿ ಲಕ್ಷಾಂತರ ಮಂದಿ ತಮ್ಮ ಪ್ರಾಣವನ್ನು ಪಣವಿಡಬಾರದೆಂದಷ್ಟೆ ಹೇಳುತ್ತೇವೆ.

ಗರ್ಭಕೊರಳಿನ ಕ್ಯಾನ್ಸರಿನ ಕಥೆ ಇಲ್ಲಿ ಬಹಳ ಬೋಧಪ್ರದವಾದುದು. ಲೂಯಿಸರು ಅದಕ್ಕೆ ಬಾಲ್ಯದ ನೋವನ್ನೂ ಒಳಗಿನ ಕಹಿಯನ್ನೂ ಕಾರಣವೆಂದು ಭಾವಿಸಿದರು. ಆದರೆ ಅವರ ಪುಸ್ತಕ ಹೊರಬರುವುದಕ್ಕೆ ಒಂದು ವರ್ಷ ಮೊದಲು, 1983ರಲ್ಲಿ, ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಆ ಕ್ಯಾನ್ಸರಿನ ಗಡ್ಡೆಗಳಲ್ಲಿ ಪ್ಯಾಪಿಲೋಮಾ ಎಂಬ ವೈರಾಣುವಿನ ಒಂದು ಜಾತಿಯನ್ನು ಕಂಡುಹಿಡಿದರು. ಮರುವರ್ಷ ಮತ್ತೊಂದು ಜಾತಿಯನ್ನು ಕಂಡರು. ಆ ರೋಗದ ಬಹುಪಾಲಿಗೆ ಇವೆರಡೇ ಕಾರಣವೆಂದು ಕ್ರಮೇಣ ಸ್ಥಿರಪಟ್ಟಿತು. 2006ರಲ್ಲಿ, ಅಂದರೆ ಚಿತ್ರ ಬರುವುದಕ್ಕೆ ಒಂದು ವರ್ಷ ಮೊದಲು, ಅದನ್ನು ತಡೆಯುವ ಲಸಿಕೆ ಬಳಕೆಗೆ ಬಂದಿತು. 2008ರಲ್ಲಿ ಸುರ್ ಹೌಸೆನರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದಲ್ಲಿಯೇ ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಲಸಿಕೆಯು 2023ರಲ್ಲಿ ಹೊರಬಂದಿದೆ. 9 ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಅದನ್ನು ಹಾಕಿಸಿದರೆ ಹೆಚ್ಚು ಪ್ರಯೋಜನ. ಒಬ್ಬ ತಾಯಿ ಕನ್ನಡಿಯ ಮುಂದೆ ನಿಂತು ತನ್ನನ್ನು ತಾನು ಕ್ಷಮಿಸಿಕೊಳ್ಳಲಿ, ಒಳ್ಳೆಯದೇ. ಆದರೆ ಮಗಳ ತೋಳಿಗೆ ಚುಚ್ಚುವ ಒಂದು ಸೂಜಿಯು ಮಾಡುವ ರಕ್ಷಣೆಯನ್ನು ಆ ಕ್ಷಮೆ ಮಾಡಲಾರದು.

ನಮ್ಮ ಮಲೆನಾಡಿಗೆ ಈ ಪಾಠ ಹೊಸತಲ್ಲ. ಒಂದು ಕಾಲಕ್ಕೆ ಇಲ್ಲಿನ ಚಳಿಜ್ವರವೆಂದರೆ ಬಯಲುಸೀಮೆಯವರು ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಜನ ಅದನ್ನು ನೀರಿನ ದೋಷವೆಂದರು, ಗಾಳಿಯ ದೋಷವೆಂದರು, ದೈವದ ಮುನಿಸೆಂದರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಅಣುಜೀವಿಯನ್ನು ಕಂಡ ಮೇಲೆ ಕಾರಣ ತಿಳಿಯಿತು. ಸೊಳ್ಳೆಯನ್ನು ಅಡಗಿಸಿದ ಮೇಲೆ ಜ್ವರ ಅಡಗಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಬಳಿಕ ಮನುಷ್ಯರಿಗೆ ಜ್ವರ ತಗಲಿದಾಗಲೂ ಹೀಗೆಯೇ. ಅದು ಉಣುಗು ಕಚ್ಚುವುದರಿಂದ ಬರುವ ವೈರಾಣುವಿನ ರೋಗವೆಂದು ಪರೀಕ್ಷೆಯಿಂದಲೇ ತಿಳಿದದ್ದು. ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗಳಲ್ಲಿಯೂ ಈ ಮಂಗನ ಕಾಯಿಲೆ ಕಾಣಿಸಿಕೊಂಡಿದೆ. ತರಗು ಗುಡಿಸಲು ಕಾಡಿಗೆ ಹೋದ ಹೆಂಗಸಿಗೆ ಉಣುಗು ಕಚ್ಚಿದರೆ, ಅವಳ ಮನಸ್ಸಿನಲ್ಲಿ ಆಗ ಕೋಪವಿತ್ತೋ ಶಾಂತಿಯಿತ್ತೋ ಎಂದು ಉಣುಗು ನೋಡುವುದಿಲ್ಲ.

ಸ್ತನದ ಕ್ಯಾನ್ಸರಿಗೆ ಹೀಗೆ ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗದು. ಏರುವ ವಯಸ್ಸು, ವಂಶದಿಂದ ಬಂದ ಗುಣ, ದೇಹದ ಕೆಲವು ರಸಗಳ ಏರಿಳಿತ, ಸ್ಥೂಲಕಾಯ, ಮದ್ಯಪಾನ ಮೊದಲಾದವು ಅಪಾಯವನ್ನು ಹೆಚ್ಚಿಸುತ್ತವೆಂದು ತಿಳಿದಿದೆ. ಇವೊಂದೂ ಇಲ್ಲದವರಿಗೂ ಅದು ಬರುವುದುಂಟು. ಭಾರತದ ಸ್ತ್ರೀಯರಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಅಣ್ಣನ ಮೇಲೆ ಸಿಟ್ಟಿದ್ದವರಿಗೆಲ್ಲ ಅದು ಬರುವುದಾದರೆ, ಆಸ್ತಿಯ ಪಾಲಾದ ಯಾವ ಮನೆಯಲ್ಲಿಯೂ ಒಬ್ಬ ಹೆಂಗಸು ಉಳಿಯುತ್ತಿರಲಿಲ್ಲ! ಆದುದರಿಂದ ಆ ಸೋದರಿಯ ಮೊದಲ ಪ್ರಶ್ನೆಗೆ ಉತ್ತರ ಇದು: ಇಲ್ಲ ತಾಯಿ, ಇದು ನೀವು ಮಾಡಿಕೊಂಡದ್ದಲ್ಲ.

ಪರದೇಶದ ಪುಸ್ತಕವನ್ನು ದೂರುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ರೋಗಿಯ ಮೇಲೆ ತಪ್ಪು ಹೊರಿಸುವ ಅಭ್ಯಾಸ ನಮ್ಮಲ್ಲಿ ಇಲ್ಲವೆ? ‘ಯಾವ ಜನ್ಮದ ಪಾಪವೋ’ ಎಂದು ಹಾಸಿಗೆಯ ಪಕ್ಕದಲ್ಲಿಯೇ ಉಸುರುವ ಬಂಧುಗಳಿಲ್ಲವೆ? ಕುಷ್ಠರೋಗಿಯನ್ನು ಊರ ಹೊರಗಿಟ್ಟವರು, ಮಕ್ಕಳಾಗದ ಸೊಸೆಯ ಕಾಲ್ಗುಣವನ್ನು ಆಡಿದವರು ನಾವೇ ಅಲ್ಲವೆ? ಪೂರ್ವಜನ್ಮದ ಪಾಪವೆಂದರೆ ಕನಿಷ್ಠಪಕ್ಷ ಅದು ನೆನಪಿನಾಚೆಯದು. ಈ ಹೊಸ ಬೋಧೆಯು ಆ ಪಾಪವನ್ನು ಈ ಜನ್ಮಕ್ಕೇ, ನಿನ್ನೆಯ ಆಲೋಚನೆಗೇ ತಂದುನಿಲ್ಲಿಸುತ್ತದೆ. ಹಳೆಯ ಭಾರಕ್ಕೆ ಹೊಸ ಹೊರೆಯನ್ನು ಸೇರಿಸಿದಂತಾಯಿತು. ಅಮೆರಿಕದ ಸೂಸನ್ ಸಾಂಟಾಗ್ ಎಂಬ ಲೇಖಕಿ ತಾವೇ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು; 1978ರಲ್ಲಿ ಬರೆದ ಪುಸ್ತಕದಲ್ಲಿ, ರೋಗಕ್ಕೆ ಸ್ವಭಾವದ ಅರ್ಥವನ್ನು ಅಂಟಿಸುವುದೇ ರೋಗಿಗೆ ಮಾಡುವ ಅನ್ಯಾಯವೆಂದು ವಾದಿಸಿದರು. ಕ್ಷಯದ ಅಣುಜೀವಿಯನ್ನು 1882ರಲ್ಲಿ ರಾಬರ್ಟ್ ಕಾಖ್ ಕಾಣುವವರೆಗೆ ಅದನ್ನೂ ಜನ ಭಾವುಕ ಸ್ವಭಾವದವರ ರೋಗವೆನ್ನುತ್ತಿದ್ದರೆಂಬುದನ್ನು ಅವರು ನೆನಪಿಸಿದರು.

ಹಾಗಾದರೆ ಮನಸ್ಸಿಗೆ ಯಾವ ಶಕ್ತಿಯೂ ಇಲ್ಲವೆ? ಇದೆ, ಆದರೆ ಅದರ ಎಲ್ಲೆಯನ್ನು ಅರಿಯಬೇಕು. ಈ ವಿಷಯದಲ್ಲಿ ಎರಡು ಪರೀಕ್ಷೆಗಳನ್ನು ಹೇಳುತ್ತೇವೆ. ಸ್ತನದ ಕ್ಯಾನ್ಸರ್ ದೇಹದ ಇತರ ಭಾಗಗಳಿಗೆ ಹರಡಿದ್ದ 86 ಸ್ತ್ರೀಯರ ವಿಷಯವನ್ನು ಸ್ಟಾನ್‌ಫರ್ಡಿನ ಡೇವಿಡ್ ಸ್ಪೀಗೆಲ್ ಎಂಬ ವೈದ್ಯರು 1989ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ಜೊತೆಗೆ ವಾರಕ್ಕೊಮ್ಮೆ ಕೂಡಿ ತಮ್ಮ ಭಯವನ್ನೂ ದುಃಖವನ್ನೂ ಹೇಳಿಕೊಂಡವರು ಇತರರಿಗಿಂತ ಹೆಚ್ಚು ಕಾಲ ಬದುಕಿದರೆಂದು ಅದರಲ್ಲಿ ಕಂಡಿತು. ಜಗತ್ತು ಬಹಳ ಸಂತೋಷಪಟ್ಟಿತು. ಆದರೆ ವಿಜ್ಞಾನದ ಧರ್ಮ ಮತ್ತೆಮತ್ತೆ ಪರೀಕ್ಷಿಸುವುದು. ಕೆನಡಾದ ಪಮೇಲಾ ಗುಡ್‌ವಿನ್ ಮತ್ತು ಸಂಗಡಿಗರು 235 ಸ್ತ್ರೀಯರಲ್ಲಿ ಅದನ್ನೇ ಮಾಡಿನೋಡಿ 2001ರಲ್ಲಿ ಫಲವನ್ನು ತಿಳಿಸಿದರು: ಆಯುಸ್ಸು ಹೆಚ್ಚಲಿಲ್ಲ, ಆದರೆ ನೋವಿನ ಬಾಧೆ ಕಡಿಮೆಯಾಯಿತು, ಮನಸ್ಸಿನ ಕುಗ್ಗು ಇಳಿಯಿತು. ಸ್ಪೀಗೆಲರೂ ತಮ್ಮ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿ, 2007ರಲ್ಲಿ, ಒಟ್ಟಿನಲ್ಲಿ ಆಯುಸ್ಸು ಹೆಚ್ಚಿದುದು ಕಾಣಲಿಲ್ಲವೆಂದು ಒಪ್ಪಿ ಬರೆದರು. ಆ ವರ್ಷವೇ ಲೂಯಿಸರ ಚಿತ್ರವೂ ಹೊರಬಂದಿತೆಂಬುದು ಗಮನಿಸತಕ್ಕದ್ದು. ತಾನು ಮೊದಲು ಹೇಳಿದುದು ನಿಲ್ಲಲಿಲ್ಲವೆಂದು ತಾನೇ ಹೇಳುವ ಧೈರ್ಯ, ಅದೇ ನಿಜವಾದ ಸಾಕ್ಷ್ಯ.

ಒಟ್ಟಿನಲ್ಲಿ ತಾತ್ಪರ್ಯವಿಷ್ಟು: ಗೆಳತಿಯರ ಸಂಗವೂ ಧೈರ್ಯದ ಮಾತೂ ನೋವನ್ನು ಹೊರಲು ಹೆಗಲು ಕೊಡುತ್ತವೆ, ಗಡ್ಡೆಯನ್ನು ಕರಗಿಸುವುದಿಲ್ಲ. ಔಷಧವನ್ನು ಬಿಟ್ಟು ಬೇರೆ ಮಾರ್ಗವನ್ನೇ ನಂಬಿದವರ ಗತಿಯನ್ನೂ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರು ಲೆಕ್ಕಹಾಕಿ 2018ರಲ್ಲಿ ಪ್ರಕಟಿಸಿದ್ದಾರೆ. ಗುಣವಾಗಬಹುದಾದ ಹಂತದಲ್ಲಿ ಕ್ಯಾನ್ಸರ್ ಇದ್ದೂ ವೈದ್ಯಶಾಸ್ತ್ರದ ಚಿಕಿತ್ಸೆಯನ್ನು ಒಲ್ಲದೆ ಇತರ ಉಪಾಯಗಳನ್ನೇ ಹಿಡಿದ 281 ಮಂದಿಯಲ್ಲಿ ಸಾವಿನ ಅಪಾಯವು ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು. ಸ್ತನದ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೀರಿ. ಸೋದರಿಯ ಎರಡನೆಯ ಪ್ರಶ್ನೆಗೆ, ಅಂದರೆ ಸಿಟ್ಟನ್ನು ಬಿಟ್ಟರೆ ಆಸ್ಪತ್ರೆಯನ್ನು ಬಿಡಬಹುದೆ ಎಂಬುದಕ್ಕೆ, ಈ ಅಂಕಿಗಳೇ ಉತ್ತರ. ಸಿಟ್ಟನ್ನು ಬಿಡಿ, ರಾತ್ರಿ ನಿದ್ದೆ ಬರುತ್ತದೆ, ಆಸ್ಪತ್ರೆಯನ್ನು ಬಿಡಬೇಡಿ.

ಆಸೆಗೂ ಹಗಲುಗನಸಿಗೂ ಇರುವ ಭೇದವನ್ನೂ ಇಲ್ಲಿ ಹೇಳಬೇಕು. ಗೇಬ್ರಿಯೆಲೆ ಓಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆ ತೂಕ ಇಳಿಸಿಕೊಳ್ಳಲು ಚಿಕಿತ್ಸೆಗೆ ಸೇರಿದ್ದ ಸ್ತ್ರೀಯರನ್ನು ಪರೀಕ್ಷಿಸಿ 1991ರಲ್ಲಿ ಬರೆದರು: ತಮ್ಮಿಂದ ಇದು ಸಾಧ್ಯವೆಂದು ನಿರೀಕ್ಷಿಸಿದವರು ಹೆಚ್ಚು ತೂಕ ಇಳಿಸಿದರು, ಆದರೆ ತೆಳ್ಳಗಾಗಿಬಿಟ್ಟಂತೆ ಸುಖವಾಗಿ ಕನಸು ಕಾಣುತ್ತಿದ್ದವರು ಕಡಿಮೆ ಇಳಿಸಿದರು. ಕನಸಿನಲ್ಲಿಯೇ ಫಲವನ್ನು ಉಂಡ ಮನಸ್ಸು ದುಡಿಯಲು ಏಳುವುದಿಲ್ಲ.

ಇದನ್ನು ತಿಳಿಯಲು ಕಾಫಿಯ ನಾಡಿನವರಿಗೆ ಪ್ರಯೋಗಶಾಲೆ ಬೇಡ. ಫೆಬ್ರವರಿಯಿಂದ ಏಪ್ರಿಲಿನ ನಡುವೆ ಹೂಮಳೆಗಾಗಿ ಆಕಾಶವನ್ನು ನೋಡುತ್ತ ಕೂಡದ ಬೆಳೆಗಾರನಿಲ್ಲ. ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬಯಸಿದರೆ ಆ ಮಳೆ ಬರುವುದಿಲ್ಲ. ಆದರೆ ಬಂದಾಗ ಯಾರ ತೋಟ ಹೂವಾಗುತ್ತದೆ? ಕಾಲಕ್ಕೆ ಸರಿಯಾಗಿ ಗಿಡಗಸಿ ಮರಗಸಿ ಮಾಡಿ, ಚಿಗುರು ತೆಗೆದು, ಗೊಬ್ಬರ ಹಾಕಿದವನದು. ಹಾಗೆಯೇ ಅರೇಬಿಕಾ ಗಿಡದ ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬುಗೆರೆ ಕಂಡರೆ ಒಳಗೆ ಬೋರರ್ ಹುಳು ಇದೆಯೆಂದು ಅರ್ಥ. ಆಗ ಯಾವ ಬೆಳೆಗಾರನೂ ಗಿಡಕ್ಕೆ ಏನು ಚಿಂತೆಯಿತ್ತೆಂದು ವಿಚಾರಿಸುವುದಿಲ್ಲ. ಗಿಡವನ್ನು ಹಳಿಯುವುದೂ ಇಲ್ಲ. ಸಾಲುಸಾಲಾಗಿ ತೋಟವನ್ನು ಪರೀಕ್ಷಿಸಿ, ಹುಳು ಹಿಡಿದ ಗಿಡವನ್ನು ಕಿತ್ತು ಸುಡುತ್ತಾನೆ. ಉಳಿದವಕ್ಕೆ ನೆರಳನ್ನು ಸರಿಪಡಿಸುತ್ತಾನೆ. ಇಂತಹ ವಿಚಾರಗಳಿಗಾಗಿಯೇ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾಲಯವನ್ನು ಸ್ಥಾಪಿಸಿದರು. ಗಿಡಕ್ಕೆ ಸಲ್ಲುವ ಈ ನ್ಯಾಯವು ಮನೆಯ ಹೆಂಗಸಿಗೆ ಸಲ್ಲಬೇಡವೆ?

ಬಾಳನ್ನು ಕಲಿಸುವ ಪುಸ್ತಕಗಳೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಈ ಜಾತಿಯ ಪುಸ್ತಕಗಳಿಗೆ ಇಂಗ್ಲಿಷಿನಲ್ಲಿ ಹೆಸರು ತಂದುಕೊಟ್ಟದ್ದು 1859ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಸ್ಮೈಲ್ಸರ ‘ಸೆಲ್ಫ್-ಹೆಲ್ಪ್’. ಲೀಡ್ಸ್ ನಗರದ ಕೆಲಸಗಾರ ತರುಣರಿಗೆ ಮಾಡಿದ ಭಾಷಣಗಳಿಂದ ಹುಟ್ಟಿದ ಆ ಪುಸ್ತಕದಲ್ಲಿ ಕುಂಬಾರರ, ಯಂತ್ರಶಿಲ್ಪಿಗಳ, ಗಣಿಗಾರರ ಮಕ್ಕಳ ಕಥೆಗಳಿವೆ. ಅದರ ಉಸಿರು ದುಡಿಮೆ. ಆ ದುಡಿಮೆಯ ಸ್ಥಾನದಲ್ಲಿ ಬರಿಯ ಆಲೋಚನೆಯನ್ನು ಕೂರಿಸಿದ್ದು ಬಳಿಕ ಬಂದವರು. ಕನ್ನಡದಲ್ಲಿ ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಪ್ರಕಟವಾಯಿತು. ಅದು ಸುಖವನ್ನು ಕೊಡಿಸುವೆನೆಂದು ಎಲ್ಲಿಯೂ ಮಾತು ಕೊಡುವುದಿಲ್ಲ. ಸುಖದುಃಖಗಳೆರಡರಲ್ಲಿಯೂ ನಿಲ್ಲುವ ಬಗೆಯನ್ನು ಹೇಳುತ್ತದೆ. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಎಂಬ ಪುಸ್ತಕವು ಎಷ್ಟೋ ಮನೆಗಳಲ್ಲಿ ಪರೀಕ್ಷೆಯಲ್ಲಿ ಸೋತ ಮಕ್ಕಳ ಕೈಗೆ, ಮನಸ್ಸು ಕುಗ್ಗಿದ ತಂದೆತಾಯಿಗಳ ಕೈಗೆ ಬಂದು ಧೈರ್ಯ ಕೊಟ್ಟಿದೆ. ಇಂತಹವು ಮನೆಯ ಕಪಾಟಿನಲ್ಲಿ ಇರತಕ್ಕವು.

ಚಿತ್ರವನ್ನು ನೋಡುವ ಕುಟುಂಬಗಳಿಗೆ ನಮ್ಮ ಸಲಹೆ ಸ್ವಲ್ಪವೇ ಇದೆ. ಮನೆಯಲ್ಲಿ ರೋಗಿಯಿದ್ದರೆ, ಹಾಕುವ ಚಿತ್ರವನ್ನು ಮೊದಲು ಬೇರೊಬ್ಬರು ನೋಡಿರಲಿ. ಚಿತ್ರ ಮುಗಿದ ಮೇಲೆ ದೀಪ ಹಾಕಿ ಅದರ ಬಗ್ಗೆ ಮಾತನಾಡಲಿ. ಅಜ್ಜಿಯಂತಹ ಒಬ್ಬರು ನಗುವವರಿದ್ದರೆ ಇನ್ನೂ ಒಳ್ಳೆಯದು. ಮಾತನಾಡುವವರು ಯಾರು, ಅವರಿಗೆ ಮಾರಬೇಕಾದದ್ದು ಏನಾದರೂ ಇದೆಯೆ ಎಂದು ಕೇಳಿಕೊಳ್ಳಲಿ. ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದರೆ, ತೊಟ್ಟಿನಿಂದ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಕಂಡರೆ, ಯಾವ ಪುಸ್ತಕದ ಪಟ್ಟಿಯನ್ನೂ ನೋಡದೆ ವೈದ್ಯರ ಬಳಿಗೆ ಹೋಗಲಿ. ನಾಚಿಕೆಯಿಂದಲೂ ಕೊಯ್ಲಿನ ಕೆಲಸದ ನೆಪದಿಂದಲೂ ತಿಂಗಳುಗಟ್ಟಲೆ ತಡಮಾಡುವುದೇ ನಮ್ಮ ಕಡೆಯ ದೊಡ್ಡ ರೋಗ.

ಆಲ್ದೂರಿನ ಆ ಸೋದರಿಯ ವಿಷಯವನ್ನು ಹೇಳದೆ ಮುಗಿಸಿದರೆ ವಾಚಕರು ನಮ್ಮನ್ನು ಕ್ಷಮಿಸಲಾರರು. ಆ ರಾತ್ರಿಯ ಮಾತಿಗೆ ಮೊದಲು ಎಚ್ಚೆತ್ತವಳು ಸೊಸೆಯೇ. ತಾನು ಮಾಡಿದ ಉಪಕಾರ ಹೀಗೆ ತಿರುಗಿತಲ್ಲ ಎಂದು ಅವಳಿಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಮಳೆಯಲ್ಲಿಯೇ ಅವರ ಮನೆಗೆ ಹೋಗಿ, “ಅಕ್ಕಾ, ಪಟ್ಟಿ ಓದಿದ್ದು ನನ್ನ ತಪ್ಪು. ಮುಂದಿನ ಸಲ ಆಸ್ಪತ್ರೆಗೆ ನಿಮ್ಮ ಜೊತೆ ನಾನು ಬರ್ತೀನಿ” ಎಂದಳು. ಆ ಮಾತಿನಂತೆ ಹೋದಳು ಕೂಡ. ಅದರ ಮುಂದಿನ ಸಲ ಅವಳ ಅತ್ತೆ, ಆಮೇಲೆ ಕೆಳಗಿನ ತೋಟದ ಮನೆಯವರು, ಹೀಗೆ ನಾಲ್ಕು ಮನೆಯ ಹೆಂಗಸರು ಸರದಿ ಹಾಕಿಕೊಂಡರು. ಲೂಯಿಸರು ತಮ್ಮ ಹಜಾರದಲ್ಲಿ ಕೂಡಿಸಿದ ಆರು ಮಂದಿಯ ಕೂಟವು, ಬಸ್ಸಿನ ಎರಡು ಆಸನಗಳಲ್ಲಿ ಆಲ್ದೂರಿನಲ್ಲಿಯೂ ಹೀಗೆ ನಡೆಯಿತು.

ಚಿತ್ರದಿಂದ ಆ ಸೋದರಿ ಒಂದು ಪಾಠವನ್ನು ಇಟ್ಟುಕೊಂಡರು. ಕೂದಲು ಉದುರಿದಂದಿನಿಂದ ಅವರು ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದರಂತೆ; ಕುಂಕುಮವನ್ನೂ ಅಂದಾಜಿನಿಂದಲೇ ಇಟ್ಟುಕೊಳ್ಳುತ್ತಿದ್ದರಂತೆ. ಈಗ ಅದನ್ನು ಮತ್ತೆ ತಿರುಗಿಸಿದ್ದಾರೆ. ಬೆಳಿಗ್ಗೆ ನೇರವಾಗಿ ನೋಡಿ ಕುಂಕುಮವಿಟ್ಟುಕೊಂಡು, ಮಾತ್ರೆಯನ್ನು ನುಂಗಿ, ಕೆಲಸಕ್ಕೆ ತೊಡಗುತ್ತಾರೆಂದು ಸೊಸೆಯು ನಮಗೆ ಬರೆದಿದ್ದಾಳೆ. ಅಣ್ಣನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲವಂತೆ. ಇರಲಿ. ಅದಕ್ಕೆ ಅವಸರವಿಲ್ಲ, ಆಸ್ಪತ್ರೆಯ ದಿನ ಮಾತ್ರ ತಪ್ಪದಿರಲಿ ಎಂದು ಹಾರೈಸಿ ವಿರಮಿಸುತ್ತೇವೆ.